ರೈತರ ಮನದ ಭಾರಕ್ಕೆ ಊರಿನವರೇ ಆಸರೆ: ವಿದರ್ಭದ ‘ವಿಶ್ರಾಮ್’ ಕಲಿಸಿದ್ದೇನು? ಇಲ್ಲಿದೆ ಸಂಪೂರ್ಣ ಮಾಹಿತಿ

ಮಳೆ ಕೈಕೊಟ್ಟಿದೆ. ಹತ್ತಿಗೆ ಬೆಲೆ ಇಲ್ಲ. ಸೊಸೈಟಿ ಸಾಲ ತೀರುವ ಮೊದಲೇ ಗೊಬ್ಬರದ ಅಂಗಡಿಯ ಬಾಕಿ, ಪರಿಚಿತರಿಂದ ತಂದ ಕೈಸಾಲ ಎರಡೂ ಬೆಳೆದು ನಿಂತಿವೆ. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ರುಚಿಸುತ್ತಿಲ್ಲ, ಹೊಲದ ಕಡೆ ಹೋಗಲು ಮನಸ್ಸಾಗುತ್ತಿಲ್ಲ. ಇಂಥ ಸ್ಥಿತಿಯಲ್ಲಿರುವ ರೈತರು ಮನೋವೈದ್ಯರನ್ನು ಹುಡುಕಿಕೊಂಡು ಜಿಲ್ಲಾಸ್ಪತ್ರೆಗೆ ಹೋಗುವುದು ತೀರಾ ಅಪರೂಪ. ‘ನನಗೆ ಕಾಯಿಲೆ ಇದೆ’ ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಕೇಳಿದರೆ ‘ಸ್ವಲ್ಪ ಟೆನ್ಷನ್ ಅಷ್ಟೇ’ ಎಂದು ಮಾತು ಮುಗಿಸುತ್ತಾರೆ.

ಹಾಗಾದರೆ ಅವರ ಬಳಿಗೆ ಸಹಾಯ ತಲುಪುವುದು ಹೇಗೆ? ಆಸ್ಪತ್ರೆಗೆ ಬರಲಿ ಎಂದು ಕಾಯುವ ಬದಲು, ಅದೇ ಊರಿನ ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಸದಸ್ಯೆ, ಪಕ್ಕದ ಹೊಲದ ರೈತರಿಗೇ ತರಬೇತಿ ಕೊಟ್ಟರೆ ಹೇಗೆ? ಕಳೆದ ಒಂದೂವರೆ ದಶಕದಲ್ಲಿ ಮಹಾರಾಷ್ಟ್ರ, ಗುಜರಾತ್, ತೆಲಂಗಾಣ ಮತ್ತು ತಮಿಳುನಾಡಿನ ಹಳ್ಳಿಗಳಲ್ಲಿ ಇಂಥ ಪ್ರಯೋಗಗಳು ನಡೆದಿವೆ. ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಗೆದ್ದಿವೆ, ಎಲ್ಲಿ ಎಡವುತ್ತವೆ ಎಂಬುದರ ವಿವರ ಇಲ್ಲಿದೆ.

ಅಂಕಿ-ಅಂಶ ಏನು ಹೇಳುತ್ತದೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ವರದಿಯ ಪ್ರಕಾರ 2023ರಲ್ಲಿ ದೇಶದಲ್ಲಿ ಕೃಷಿ ಕ್ಷೇತ್ರಕ್ಕೆ ಸೇರಿದ 10,786 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಇವರಲ್ಲಿ 4,690 ಮಂದಿ ರೈತರಾದರೆ, 6,096 ಮಂದಿ ಕೃಷಿ ಕಾರ್ಮಿಕರು. ಅಂದರೆ ಸ್ವಂತ ಜಮೀನಿನಲ್ಲೋ ಗುತ್ತಿಗೆ ಜಮೀನಿನಲ್ಲೋ ಬೇಸಾಯ ಮಾಡುವವರಿಗಿಂತ ಕೂಲಿಗೆ ಹೋಗುವವರ ಸಂಖ್ಯೆಯೇ ಹೆಚ್ಚು. ‘ರೈತರ ಆತ್ಮಹತ್ಯೆ’ ಎಂಬ ಚರ್ಚೆಯಲ್ಲಿ ಈ ಅಂಶ ಬಹುತೇಕ ಮರೆತೇಹೋಗುತ್ತದೆ.

ರಾಜ್ಯವಾರು ನೋಡಿದರೆ ಮಹಾರಾಷ್ಟ್ರದ ಪಾಲು ಶೇ.38.5. ಎರಡನೇ ಸ್ಥಾನದಲ್ಲಿ ಕರ್ನಾಟಕವಿದ್ದು, ಶೇ.22.5ರಷ್ಟು ಪ್ರಕರಣಗಳು ಇಲ್ಲಿ ದಾಖಲಾಗಿವೆ. ಎರಡೂ ರಾಜ್ಯಗಳನ್ನು ಸೇರಿಸಿದರೆ ದೇಶದ ಒಟ್ಟು ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು.

ಕಾರಣಗಳೇನು? 2015ರ ವರದಿಯಲ್ಲಿ ಎನ್‌ಸಿಆರ್‌ಬಿ ಕಾರಣಗಳನ್ನು ವಿಂಗಡಿಸಿ ಕೊಟ್ಟಿತ್ತು. ರೈತರ ಪೈಕಿ ಶೇ.38.7 ಪ್ರಕರಣಗಳಿಗೆ ಸಾಲ ಅಥವಾ ದಿವಾಳಿತನ, ಶೇ.19.5 ಪ್ರಕರಣಗಳಿಗೆ ಕೃಷಿ ಸಂಬಂಧಿ ಸಮಸ್ಯೆ ಕಾರಣ ಎಂದು ದಾಖಲಾಗಿತ್ತು. ಕೃಷಿ ಕಾರ್ಮಿಕರಲ್ಲಿ ಚಿತ್ರಣವೇ ಬೇರೆ. ಅಲ್ಲಿ ಶೇ.40.1 ಪ್ರಕರಣಗಳಿಗೆ ಕೌಟುಂಬಿಕ ಸಮಸ್ಯೆ, ಶೇ.19ಕ್ಕೆ ಅನಾರೋಗ್ಯ ಕಾರಣ ಎಂದು ನಮೂದಿಸಲಾಗಿತ್ತು. ಇವು ಪೊಲೀಸ್ ದಾಖಲೆಯನ್ನು ಆಧರಿಸಿದ ಅಂಕಿ ಎಂಬುದನ್ನು ನೆನಪಿಡಬೇಕು. ಒಂದು ಸಾವಿನ ಹಿಂದೆ ಸಾಲ, ಕುಡಿತ, ಕಾಯಿಲೆ, ಮನೆಯ ಜಗಳ, ಖಿನ್ನತೆ ಎಲ್ಲವೂ ಇರಬಹುದು. ದಾಖಲೆಯಲ್ಲಿ ಬರೆಯುವುದು ಮಾತ್ರ ಒಂದೇ ಕಾರಣ.

ಆಸ್ಪತ್ರೆಯೊಂದೇ ಏಕೆ ಸಾಲದು?

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತ್ತು. ಖಿನ್ನತೆಯಿಂದ ಬಳಲುವ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂಬುದು ಅದರಲ್ಲಿ ಕಂಡುಬಂತು. ಇದನ್ನೇ ತಜ್ಞರು ‘ಚಿಕಿತ್ಸಾ ಅಂತರ’ ಎನ್ನುತ್ತಾರೆ.

ಇದಕ್ಕೆ ಒಂದು ಕಾರಣ ವೈದ್ಯರ ಕೊರತೆ. ದೇಶದಲ್ಲಿ ಪ್ರತಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. 2019ರ ಅಂದಾಜಿನಂತೆ ಈ ಪ್ರಮಾಣ 0.75. ಇರುವವರಲ್ಲೂ ಹೆಚ್ಚಿನವರು ನಗರಗಳಲ್ಲಿದ್ದಾರೆ. ಆಸ್ಪತ್ರೆಗೆ ಹೋಗಿಬರಲು ಹಳ್ಳಿಯವರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಖರ್ಚು. ಜತೆಗೆ ‘ಹುಚ್ಚಾಸ್ಪತ್ರೆಗೆ ಹೋಗಿ ಬಂದ’ ಎಂಬ ಮಾತು ಬರುತ್ತದೆಂಬ ಭಯ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರಂತೂ ಕಾಯಿಲೆಯನ್ನು ಮುಚ್ಚಿಡುವುದೇ ವಾಡಿಕೆ.

ಇನ್ನೊಂದು ಕಾರಣವೂ ಇದೆ. ರೈತರ ಸಂಕಟ ಬರೀ ಮನಸ್ಸಿನದಲ್ಲ. ಬೆಳೆ ವಿಮೆ ಹಣ ಬಂದಿಲ್ಲ, ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಬ್ಯಾಂಕಿನಿಂದ ನೋಟಿಸ್ ಬಂದಿದೆ ಎಂಬ ಚಿಂತೆಗೆ ಮಾತ್ರೆಯೊಂದೇ ಔಷಧವಾಗದು. ಮನಸ್ಸಿನ ಭಾರ ಮತ್ತು ಬದುಕಿನ ಭಾರ ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವವರು ಬೇಕು. ಸಮುದಾಯ ಆಧಾರಿತ ವಿಧಾನ ಹುಟ್ಟಿದ್ದು ಈ ಅಗತ್ಯದಿಂದ.

ಬಳ್ಳಾರಿ ತೋರಿಸಿದ ದಾರಿ

ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯುವ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. 1970ರ ದಶಕದಲ್ಲೇ ನಿಮ್ಹಾನ್ಸ್ ಬೆಂಗಳೂರು ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಡುವ ವಿಧಾನ ರೂಪಿಸಿತು. ಅದೇ ಹೊತ್ತಿಗೆ ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಚಂಡೀಗಢದ ಪಿಜಿಐ ಇಂಥದೇ ಪ್ರಯೋಗ ಮಾಡಿತ್ತು.

ಕೇಂದ್ರ ಸರ್ಕಾರ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಅದನ್ನು ಒಂದಿಡೀ ಜಿಲ್ಲೆಯಲ್ಲಿ ಜಾರಿಗೆ ತರಲು ಸಾಧ್ಯವೇ ಎಂದು ನಿಮ್ಹಾನ್ಸ್ ಪರೀಕ್ಷಿಸಿದ್ದು 1980ರ ದಶಕದ ಉತ್ತರಾರ್ಧದಲ್ಲಿ, ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಸಿಬ್ಬಂದಿಗೆ ತರಬೇತಿ, ಅಗತ್ಯ ಔಷಧಗಳ ಪೂರೈಕೆ, ಜಿಲ್ಲಾ ಮಟ್ಟದಲ್ಲಿ ಮೇಲುಸ್ತುವಾರಿ ತಂಡ ಇದರ ತಿರುಳು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ 4 ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ (ಡಿಎಂಎಚ್‌ಪಿ) ಶುರುವಾಯಿತು. ಈಗ ದೇಶದ 767 ಜಿಲ್ಲೆಗಳಿಗೆ ಇದಕ್ಕೆ ಅನುಮೋದನೆ ಸಿಕ್ಕಿದೆ.

ಆದರೆ ಡಿಎಂಎಚ್‌ಪಿ ಕೂಡ ಮೂಲತಃ ಆಸ್ಪತ್ರೆಯ ಬಾಗಿಲಲ್ಲಿ ಶುರುವಾಗುವ ಸೇವೆ. ಆ ಬಾಗಿಲಿನವರೆಗೆ ಬಾರದವರ ಕಥೆ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಿದ್ದು ವಿದರ್ಭ.

ಏನಿದು ‘ವಿಶ್ರಾಮ್’?

ಮಹಾರಾಷ್ಟ್ರದ ವಿದರ್ಭ ಹತ್ತಿ ಮತ್ತು ಸೋಯಾಬೀನ್ ಸೀಮೆ. ಬಹುಪಾಲು ಜಮೀನು ಮಳೆಯನ್ನೇ ನಂಬಿಕೊಂಡಿದೆ. 2000ದ ದಶಕದಿಂದ ರೈತರ ಆತ್ಮಹತ್ಯೆಯ ಕಾರಣಕ್ಕೆ ದೇಶದ ಗಮನ ಸೆಳೆದ ಪ್ರದೇಶವಿದು. ಇಲ್ಲಿನ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ, ಗೋವಾ ಮೂಲದ ‘ಸಂಗಾತ್’ ಸಂಸ್ಥೆಯ ಸಂಶೋಧಕರು ಸ್ಥಳೀಯ ಸಂಸ್ಥೆಗಳ ಜತೆ ಸೇರಿ ‘ವಿದರ್ಭ ಸ್ಟ್ರೆಸ್ ಆ್ಯಂಡ್ ಹೆಲ್ತ್ ಪ್ರೋಗ್ರಾಂ’ ನಡೆಸಿದರು. ಅದರ ಚಿಕ್ಕ ಹೆಸರೇ ವಿಶ್ರಾಮ್.

ಹೆಸರಿನಲ್ಲೇ ಒಂದು ಜಾಣತನವಿದೆ. ಎಲ್ಲೂ ‘ಮಾನಸಿಕ ರೋಗ’ ಎಂಬ ಪದವಿಲ್ಲ. ಬದಲಿಗೆ ‘ಸ್ಟ್ರೆಸ್’, ಅಂದರೆ ಜನ ದಿನನಿತ್ಯ ಆಡುವ ಟೆನ್ಷನ್. ನಿದ್ದೆ ಬಾರದಿರುವುದು, ಮೈಕೈ ನೋವು, ಕೆಲಸದಲ್ಲಿ ಆಸಕ್ತಿ ಇಲ್ಲದಿರುವುದು, ಸಿಡಿಮಿಡಿ, ಕುಡಿತ ಹೆಚ್ಚಾಗುವುದು ಇವೇ ಮಾತುಕತೆಯ ಶುರು.

ಕಾರ್ಯಕ್ರಮದಲ್ಲಿ ಮೂರು ಹಂತಗಳಿದ್ದವು.

1. ಊರಿನ ಕಾರ್ಯಕರ್ತರು: ಇವರು ಅದೇ ಊರಿನವರು. ಸಣ್ಣ ಸಣ್ಣ ಗುಂಪು ಸಭೆ ನಡೆಸಿ ಮಾನಸಿಕ ಆರೋಗ್ಯದ ಬಗ್ಗೆ ತಿಳಿಸುವುದು, ಸಂಕಟದಲ್ಲಿರುವವರನ್ನು ಗುರುತಿಸುವುದು, ಅವರಿಗೆ ಮಾನಸಿಕ ಪ್ರಥಮ ಚಿಕಿತ್ಸೆ ನೀಡುವುದು ಇವರ ಕೆಲಸ. ಗಾಯವಾದಾಗ ಬಟ್ಟೆ ಕಟ್ಟಿ ಆಸ್ಪತ್ರೆಗೆ ಕಳಿಸುವಂತೆ, ಇಲ್ಲಿ ಕುಳಿತು ಕೇಳಿಸಿಕೊಂಡು ಧೈರ್ಯ ಹೇಳಿ ಮುಂದಿನ ದಾರಿ ತೋರಿಸುವುದು.

2. ತರಬೇತಿ ಪಡೆದ ಸಮಾಲೋಚಕರು: ಇವರು ಮನಶ್ಶಾಸ್ತ್ರಜ್ಞರಲ್ಲ. ಖಿನ್ನತೆ ಮತ್ತು ಕುಡಿತದ ಸಮಸ್ಯೆ ಇರುವವರ ಜತೆ ಹಂತ ಹಂತವಾಗಿ ಮಾತನಾಡುವ ವಿಧಾನ ಕಲಿತವರು.

3. ಮನೋವೈದ್ಯರು: ತೀವ್ರ ಸಮಸ್ಯೆ ಇರುವವರನ್ನು ಮಾತ್ರ ಇವರ ಬಳಿಗೆ ಕಳಿಸಲಾಗುತ್ತಿತ್ತು. ಹೀಗಾಗಿ ತಜ್ಞರ ಸಮಯ ನಿಜಕ್ಕೂ ಅಗತ್ಯವಿದ್ದವರಿಗೆ ಸಿಕ್ಕಿತು.

18 ತಿಂಗಳಲ್ಲಿ ಏನಾಯ್ತು?

ಕಾರ್ಯಕ್ರಮದ ಆರಂಭದಲ್ಲಿ ಒಮ್ಮೆ, 18 ತಿಂಗಳ ನಂತರ ಮತ್ತೊಮ್ಮೆ ಹಳ್ಳಿಗಳಲ್ಲಿ ಸಮೀಕ್ಷೆ ನಡೆಯಿತು. ಅದರ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಖ್ಯಾಂಶಗಳು ಹೀಗಿವೆ:

* ಖಿನ್ನತೆ ಇದ್ದವರ ಪೈಕಿ ಸಹಾಯ ಪಡೆದವರ ಪ್ರಮಾಣ ಶೇ.4.3ರಿಂದ ಶೇ.27.2ಕ್ಕೆ ಏರಿತು. ಅಂದರೆ ಸುಮಾರು ಆರು ಪಟ್ಟು ಹೆಚ್ಚಳ.
* ಖಿನ್ನತೆ ಇರುವವರ ಪ್ರಮಾಣ ಶೇ.14.6ರಿಂದ ಶೇ.11.3ಕ್ಕೆ ಇಳಿಯಿತು.
* ಹಿಂದಿನ 12 ತಿಂಗಳಲ್ಲಿ ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರ ಪ್ರಮಾಣ ಶೇ.5.2ರಿಂದ ಶೇ.2.5ಕ್ಕೆ ಕುಸಿಯಿತು.
* ಗಂಡು-ಹೆಣ್ಣು, ಬಡವ-ಉಳ್ಳವ, ಓದಿದವ-ಓದದವ ಎಂಬ ಭೇದವಿಲ್ಲದೆ ಸಹಾಯ ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ತಲುಪಿತು.

ಈ ಕೊನೆಯ ಅಂಶವೇ ಬಹಳ ಮುಖ್ಯ. ಸರ್ಕಾರಿ ಸೌಲಭ್ಯಗಳು ಮೊದಲು ತಲುಪುವುದು ಊರಿನಲ್ಲಿ ಪ್ರಭಾವ ಇದ್ದವರಿಗೆ ಎಂಬುದು ಎಲ್ಲರ ಅನುಭವ. ಇಲ್ಲಿ ಹಾಗಾಗಲಿಲ್ಲ.

ಹಾಗೆಂದು ಎಲ್ಲ ಶ್ರೇಯಸ್ಸನ್ನೂ ವಿಶ್ರಾಮ್‌ಗೆ ಕೊಡುವಂತಿಲ್ಲ. ಕಾರ್ಯಕ್ರಮ ನಡೆಯದ ಹಳ್ಳಿಗಳ ಜತೆ ಹೋಲಿಸಿ ನೋಡಿದ ಅಧ್ಯಯನ ಇದಲ್ಲ. ಮೊದಲು ಮತ್ತು ನಂತರದ ವ್ಯತ್ಯಾಸವನ್ನಷ್ಟೇ ಇದು ಹೇಳುತ್ತದೆ. ಆದರೂ ಸಹಾಯ ಪಡೆದವರ ಸಂಖ್ಯೆಯಲ್ಲಿ ಆರು ಪಟ್ಟು ಏರಿಕೆ ಸಣ್ಣ ಮಾತಲ್ಲ.

ಬರೀ ಮಾತಿನಿಂದ ಖಿನ್ನತೆ ಕಡಿಮೆಯಾಗುತ್ತಾ?

ಈ ಅನುಮಾನ ಸಹಜ. ಇದಕ್ಕೆ ಉತ್ತರ ಗೋವಾದಲ್ಲಿದೆ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದ ಸುಮಾರು 500 ಮಂದಿಯ ಮೇಲೆ ‘ಹೆಲ್ದಿ ಆ್ಯಕ್ಟಿವಿಟಿ ಪ್ರೋಗ್ರಾಂ’ ಎಂಬ ವಿಧಾನವನ್ನು ಪರೀಕ್ಷಿಸಲಾಯಿತು. ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಅದರ ಜತೆಗೆ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರಿಂದ 6ರಿಂದ 8 ಭೇಟಿ. 3 ತಿಂಗಳ ನಂತರ ನೋಡಿದಾಗ, ಸಮಾಲೋಚನೆ ಪಡೆದವರಲ್ಲಿ ಶೇ.64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ.39. ಈ ಫಲಿತಾಂಶವೂ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿದೆ.

ಭೇಟಿಯಲ್ಲಿ ನಡೆಯುವುದೇನು? ಉಪದೇಶವಂತೂ ಅಲ್ಲ. ಖಿನ್ನತೆ ಬಂದಾಗ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾನೆ. ಡೈರಿಗೆ ಹಾಲು ಹಾಕಲು ಹೋಗುವುದು ನಿಲ್ಲುತ್ತದೆ, ಕಟ್ಟೆಯ ಮೇಲೆ ಕೂರುವುದು ನಿಲ್ಲುತ್ತದೆ, ಸಂತೆಗೆ ಹೋಗುವುದು ನಿಲ್ಲುತ್ತದೆ. ಕೆಲಸ ಬಿಟ್ಟಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಈ ಸುಳಿಯನ್ನು ತಿರುಗಿಸುವುದೇ ಇಲ್ಲಿನ ಉಪಾಯ. ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಸಣ್ಣದೊಂದು ಕೆಲಸದಿಂದ ದಿನ ಶುರು ಮಾಡುವುದು. ಇವತ್ತು ಬರೀ ದನಕ್ಕೆ ನೀರು ಕುಡಿಸುವುದು, ನಾಳೆ ಹೊಲದ ತನಕ ನಡೆದು ಬರುವುದು, ನಾಡಿದ್ದು ಒಬ್ಬ ಸ್ನೇಹಿತನ ಮನೆಗೆ ಹೋಗುವುದು. ಜತೆಗೆ ಸಾಲ, ಜಗಳದಂಥ ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು.

ಗುಜರಾತಿನ ‘ಆತ್ಮೀಯತಾ’: ನೆರೆಯವರೇ ಮಿತ್ರರು

ಪುಣೆಯ ಐಎಲ್‌ಎಸ್ ಕಾನೂನು ಕಾಲೇಜಿನ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರ ರೂಪಿಸಿದ ಕಾರ್ಯಕ್ರಮ ಆತ್ಮೀಯತಾ. 2013ರಿಂದ 2015ರವರೆಗೆ ನಾಸಿಕ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು, 2017ರಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಗೆ ವಿಸ್ತರಿಸಿತು.

ಇಲ್ಲಿ ಇಬ್ಬರು ಸ್ವಯಂಸೇವಕರಿರುತ್ತಾರೆ. ‘ಮಿತ್ರ’ರ ಕೆಲಸ ಸಂಕಟದಲ್ಲಿರುವವರನ್ನು ಗುರುತಿಸುವುದು. ‘ಚಾಂಪಿಯನ್’ ಎಂಬುವರು ಊರಿನಲ್ಲಿ ಜನರ ವಿಶ್ವಾಸ ಗಳಿಸಿದ ವ್ಯಕ್ತಿ. ಅವರು ನಾಲ್ಕರಿಂದ ಆರು ಬಾರಿ ಭೇಟಿಯಾಗಿ ಮಾತನಾಡುತ್ತಾರೆ. ಮೊಬೈಲ್‌ನಲ್ಲಿ ಸಣ್ಣ ಚಿತ್ರಗಳನ್ನು ತೋರಿಸಿ ಗುಂಪಿನಲ್ಲಿ ಚರ್ಚೆ ನಡೆಸುತ್ತಾರೆ. ನಿರುದ್ಯೋಗ, ಕುಡಿತ, ಮನೆಯೊಳಗಿನ ಹಿಂಸೆಯಂಥ ವಿಷಯಗಳು ಅದರಲ್ಲಿರುತ್ತವೆ.

ಪಿಂಚಣಿ, ಅಂಗವಿಕಲರ ಭತ್ಯೆಯಂಥ ಸರ್ಕಾರಿ ಸೌಲಭ್ಯ ಕೊಡಿಸುವುದೂ ಚಾಂಪಿಯನ್‌ಗಳ ಜವಾಬ್ದಾರಿಯೇ. ಅರ್ಜಿ ತುಂಬಿಕೊಡುವುದೂ ಮಾನಸಿಕ ಆರೋಗ್ಯ ಸೇವೆಯ ಭಾಗ ಎಂದು ಆತ್ಮೀಯತಾ ಭಾವಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಸಮುದಾಯ ಮಾನಸಿಕ ಆರೋಗ್ಯ ಸೇವೆಗಳ ಮಾರ್ಗಸೂಚಿಯಲ್ಲಿ ಜಗತ್ತಿನ ಉತ್ತಮ ಮಾದರಿಗಳ ನಡುವೆ ಇದಕ್ಕೂ ಜಾಗ ಸಿಕ್ಕಿದೆ.

ಮಹಾರಾಷ್ಟ್ರದ ‘ಪ್ರೇರಣಾ’, ತೆಲಂಗಾಣದ ‘ಕಿಸಾನ್ ಮಿತ್ರ’

ಮಹಾರಾಷ್ಟ್ರ ಸರ್ಕಾರ ವಿದರ್ಭ ಮತ್ತು ಮರಾಠವಾಡದ 14 ಜಿಲ್ಲೆಗಳಲ್ಲಿ ರೈತರಿಗಾಗಿ ‘ಪ್ರೇರಣಾ ಪ್ರಕಲ್ಪ’ ಎಂಬ ಸಮಾಲೋಚನಾ ಯೋಜನೆ ಆರಂಭಿಸಿತು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಪ್ರಶ್ನಾವಳಿಯ ಮೂಲಕ ಸಂಕಟದಲ್ಲಿರುವವರನ್ನು ಗುರುತಿಸಿ, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ತಂಡಕ್ಕೆ ಕಳಿಸುವುದು ಇದರ ವಿಧಾನ. ದೂರವಾಣಿ ಸಮಾಲೋಚನೆಗೆ 104 ಸಂಖ್ಯೆಯನ್ನು ಜೋಡಿಸಲಾಯಿತು.

ತೆಲಂಗಾಣದ ದಾರಿ ಸ್ವಲ್ಪ ಬೇರೆ. ಕರ್ನಾಟಕದ ಗಡಿಗೆ ಹೊಂದಿಕೊಂಡ ವಿಕಾರಾಬಾದ್ ಜಿಲ್ಲೆಯಲ್ಲಿ 2017ರಲ್ಲಿ ‘ಕಿಸಾನ್ ಮಿತ್ರ’ ಸಹಾಯವಾಣಿ ಶುರುವಾಯಿತು. ರೈತರ ಪರ ಕೆಲಸ ಮಾಡುವ ಸಂಘಟನೆಗಳು ಜಿಲ್ಲಾಡಳಿತದ ಜತೆ ಕೈಜೋಡಿಸಿದವು. ಕರೆ ಬಂದರೆ ಬರೀ ಸಾಂತ್ವನ ಹೇಳಿ ಫೋನ್ ಇಡುವುದಿಲ್ಲ. ಜಮೀನಿನ ಪಾಸ್‌ಬುಕ್ ಬಂದಿಲ್ಲವೇ, ಸಾಲ ಸಿಕ್ಕಿಲ್ಲವೇ, ಬೆಳೆ ನಷ್ಟವಾಗಿದೆಯೇ ಎಂದು ಕೇಳಿ ಬರೆದುಕೊಂಡು, ಸಂಬಂಧಪಟ್ಟ ಇಲಾಖೆಗೆ ಒಯ್ಯುತ್ತಾರೆ. ಕ್ಷೇತ್ರ ಕಾರ್ಯಕರ್ತರು ಊರಿಗೇ ಹೋಗಿ ವಿಚಾರಿಸುತ್ತಾರೆ. ಕಚೇರಿಯಿಂದ ಕಚೇರಿಗೆ ಅಲೆದು ಬೇಸತ್ತವರಿಗೆ, ತಮ್ಮ ಅರ್ಜಿಯನ್ನು ಹಿಂಬಾಲಿಸುವವರು ಒಬ್ಬರಿದ್ದಾರೆ ಎಂಬುದೇ ದೊಡ್ಡ ಸಮಾಧಾನ.

ಕೀಟನಾಶಕ ಕೈಗೆಟುಕದಂತೆ ಮಾಡಿದರೆ?

ಆತ್ಮಹತ್ಯೆಯ ಯೋಚನೆ ಅನೇಕ ವೇಳೆ ಒಂದು ಕ್ಷಣದ ಆವೇಗ. ಆ ಹೊತ್ತು ದಾಟಿದರೆ ಬದುಕುವ ಸಾಧ್ಯತೆ ಹೆಚ್ಚು. ಹಾಗಾಗಿ ಅಪಾಯಕಾರಿ ವಸ್ತುಗಳು ಸುಲಭವಾಗಿ ಸಿಗದಂತೆ ಮಾಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತಡೆಗಟ್ಟುವಿಕೆಯ ಮುಖ್ಯ ಕ್ರಮ ಎಂದು ಪರಿಗಣಿಸುತ್ತದೆ.

ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಚೆನ್ನೈನ ‘ಸ್ನೇಹಾ’ ಸಂಸ್ಥೆಯ ಸ್ಥಾಪಕಿ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. 2 ಹಳ್ಳಿಗಳಲ್ಲಿ ಕೀಟನಾಶಕ ಇಡಲು ಬ್ಯಾಂಕ್ ಲಾಕರ್ ಮಾದರಿಯ ಸಾಮೂಹಿಕ ಸಂಗ್ರಹ ಕೇಂದ್ರ ಕಟ್ಟಿ, ಬೇರೆ 2 ಹಳ್ಳಿಗಳ ಜತೆ ಹೋಲಿಸಿ ನೋಡಿದರು. ರೈತರು ಬೇಕಾದಾಗ ಬಂದು ತಮ್ಮ ಲಾಕರ್‌ನಿಂದ ಔಷಧ ಒಯ್ಯುವ ವ್ಯವಸ್ಥೆ ಅದು. 2013ರಲ್ಲಿ ಪ್ರಕಟವಾದ ಫಲಿತಾಂಶ ಆಶಾದಾಯಕವಾಗಿತ್ತು. ಜನ ಇದನ್ನು ಒಪ್ಪಿಕೊಂಡಿದ್ದೂ ವಿಶೇಷ.

ಆದರೆ ಮನೆಯಲ್ಲೇ ಬೀಗ ಹಾಕುವ ಪೆಟ್ಟಿಗೆ ಕೊಟ್ಟರೆ ಸಾಕೇ? ಶ್ರೀಲಂಕಾದ 180 ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಂಡುಬರಲಿಲ್ಲ. ಅದೇ ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದ ಬಳಿಕ 1995ರಿಂದ 2015ರ ನಡುವೆ ಆತ್ಮಹತ್ಯೆ ಪ್ರಮಾಣ ಸುಮಾರು ಶೇ.70ರಷ್ಟು ಇಳಿಯಿತು. ಊರಿನ ಮಟ್ಟದ ಕೆಲಸದ ಜತೆ ಸರ್ಕಾರದ ನೀತಿಯೂ ಸೇರಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಕಾನೂನು ಏನು ಹೇಳುತ್ತದೆ?

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಆಸ್ಪತ್ರೆಗೆ ಒಯ್ಯಲು ಕುಟುಂಬದವರು ಹೆದರುವುದುಂಟು. ‘ಪೊಲೀಸ್ ಕೇಸ್ ಆಗುತ್ತೆ’ ಎಂಬ ಭಯ ಅದಕ್ಕೆ ಕಾರಣ. ಈ ಭಯ ಬೇಡ. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ-2017ರ ಸೆಕ್ಷನ್ 115ರ ಪ್ರಕಾರ, ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಐಪಿಸಿ ಸೆಕ್ಷನ್ 309 ಇಲ್ಲ.

ಮಾಧ್ಯಮಗಳಿಗೂ ನಿಯಮವಿದೆ. ಆತ್ಮಹತ್ಯೆ ಸುದ್ದಿಯನ್ನು ವೈಭವೀಕರಿಸಬಾರದು, ವಿಧಾನ ವಿವರಿಸಬಾರದು, ಒಂದೇ ಕಾರಣಕ್ಕೆ ಕಟ್ಟಿಹಾಕಬಾರದು ಎಂಬ ಆಶಯದ ಮಾರ್ಗಸೂಚಿಯನ್ನು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಳವಡಿಸಿಕೊಂಡಿದೆ. ‘ಸಾಲಬಾಧೆ: ರೈತ ಆತ್ಮಹತ್ಯೆಗೆ ಶರಣು’ ಎಂಬ ಮಾಮೂಲಿ ತಲೆಬರಹ ಸಾವೊಂದೇ ದಾರಿ ಎಂಬ ಭಾವನೆ ಮೂಡಿಸುತ್ತದೆ ಎನ್ನುವುದು ತಜ್ಞರ ಆಕ್ಷೇಪ.

ಎಡವುವುದು ಎಲ್ಲಿ?

ಸಮುದಾಯದ ಆಸರೆ ಎಲ್ಲ ರೋಗಕ್ಕೂ ಮದ್ದಲ್ಲ. ಇದಕ್ಕೂ ಮಿತಿಗಳಿವೆ.

ಗುಟ್ಟು ಉಳಿಯುವುದು ಕಷ್ಟ: ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ಊರಿನವರ ಬಳಿ ಮನೆಯ ವಿಷಯ ಹೇಳಿಕೊಳ್ಳಲು ಹಿಂಜರಿಕೆ ಸಹಜ. ಕೇಳಿದ್ದನ್ನು ಬಾಯಿಬಿಡದಿರುವುದೇ ತರಬೇತಿಯ ಮೊದಲ ಪಾಠವಾಗಬೇಕು.

ಜಾತಿಯ ಗೆರೆ: ಸಭೆ ನಡೆಯುವ ಕಟ್ಟೆಗೆ, ದೇವಸ್ಥಾನದ ಅಂಗಳಕ್ಕೆ ಎಲ್ಲರೂ ಬರಲಾಗದ ಊರುಗಳು ಇನ್ನೂ ಇವೆ. ‘ಸಮುದಾಯ’ ಎಂದರೆ ಊರಿನ ಯಾವ ಕೇರಿ ಎಂಬ ಪ್ರಶ್ನೆ ಕೇಳಿಕೊಳ್ಳದಿದ್ದರೆ, ಅತಿ ಹೆಚ್ಚು ಅಪಾಯದಲ್ಲಿರುವ ಕೂಲಿ ಕಾರ್ಮಿಕರೇ ಹೊರಗುಳಿಯುತ್ತಾರೆ.

ಮಹಿಳೆಯರು ಲೆಕ್ಕಕ್ಕಿಲ್ಲ: ಹೊಲದ ಕೆಲಸದಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದಿದ್ದರೂ ಪಹಣಿಯಲ್ಲಿ ಅವರ ಹೆಸರಿರುವುದು ಕಡಿಮೆ. ಹೀಗಾಗಿ ದಾಖಲೆಯಲ್ಲಿ ಅವರು ‘ರೈತರು’ ಎನಿಸಿಕೊಳ್ಳುವುದಿಲ್ಲ. ಗಂಡನನ್ನು ಕಳೆದುಕೊಂಡವರ ಹೆಗಲಿಗೆ ಸಾಲ, ಜಮೀನು, ಮಕ್ಕಳು ಎಲ್ಲವೂ ಒಟ್ಟಿಗೆ ಬೀಳುತ್ತವೆ. ಕರ್ನಾಟಕದಲ್ಲಿ ಮೃತ ರೈತರ ಕುಟುಂಬಕ್ಕೆ 5 ಲಕ್ಷ ರೂ. ಪರಿಹಾರವಿದೆ. ಆದರೆ ಪರಿಹಾರದ ಚೆಕ್ ಬಂದ ಬಳಿಕ ಆ ಮನೆಯ ಬಾಗಿಲು ತಟ್ಟಿ ‘ಹೇಗಿದ್ದೀಯಮ್ಮ’ ಎಂದು ವಿಚಾರಿಸುವವರು ಕಡಿಮೆ.

ಆಶಾ ಕಾರ್ಯಕರ್ತೆಯರ ಮೇಲಿನ ಹೊರೆ: ಲಸಿಕೆ, ಹೆರಿಗೆ, ಕ್ಷಯ, ಸಮೀಕ್ಷೆ ಎಲ್ಲವೂ ಅವರದೇ ಕೆಲಸ. ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ. ಇದರ ಮೇಲೆ ಊರಿನ ದುಃಖವನ್ನೆಲ್ಲ ಕೇಳುವ ಕೆಲಸವನ್ನೂ ಹೊರಿಸಿದರೆ, ಅವರ ಮನಸ್ಸಿನ ಭಾರವನ್ನು ಇಳಿಸುವವರು ಯಾರು?

ಯೋಜನೆ ಮುಗಿದ ಮೇಲೆ: ಇಂಥ ಅನೇಕ ಪ್ರಯೋಗಗಳು ದಾನಿಗಳ ನೆರವಿನಿಂದ ನಡೆಯುತ್ತವೆ. ಅವಧಿ ಮುಗಿದರೆ ಕಾರ್ಯಕರ್ತರೂ ಚದುರುತ್ತಾರೆ. ಸರ್ಕಾರದ ಆರೋಗ್ಯ ವ್ಯವಸ್ಥೆಯ ಒಳಗೆ ಸೇರದಿದ್ದರೆ ಉಳಿಯುವುದು ವರದಿ ಮಾತ್ರ.

ಮೂಲ ಪ್ರಶ್ನೆ: ಬೆಲೆ, ಸಾಲ, ನೀರಿನ ಸಮಸ್ಯೆ ಹಾಗೇ ಇದ್ದು ಸಮಾಲೋಚನೆ ಮಾತ್ರ ಕೊಟ್ಟರೆ ‘ನಿನ್ನ ಮನಸ್ಸೇ ಸರಿಯಿಲ್ಲ’ ಎಂದು ರೈತರ ಮೇಲೆಯೇ ತಪ್ಪು ಹೊರಿಸಿದಂತಾಗುತ್ತದೆ ಎಂಬ ಟೀಕೆಯಿದೆ. ಟೀಕೆಯಲ್ಲಿ ಹುರುಳಿದೆ. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನೇರ ನಗದು ನೆರವು ಕೊಟ್ಟಾಗ ಆತ್ಮಹತ್ಯೆ ಪ್ರಮಾಣ ಶೇ.18ರಷ್ಟು ಇಳಿದಿದ್ದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಅಂದರೆ ಕೈಗೆ ಹಣ ಬರುವುದೂ ಜೀವ ಉಳಿಸುವ ಕ್ರಮವೇ. ಒಂದನ್ನು ಬಿಟ್ಟು ಇನ್ನೊಂದಲ್ಲ, ಎರಡೂ ಬೇಕು.

ಊರಿನಿಂದ ದೂರ ಇರುವವರು ಏನು ಮಾಡಬಹುದು?

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿ ಕೆಲಸದಲ್ಲಿರುವ ಅನೇಕರ ಅಪ್ಪ, ಅಣ್ಣ, ಮಾವ ಊರಿನಲ್ಲಿ ಬೇಸಾಯ ಮಾಡುತ್ತಿರುತ್ತಾರೆ. ಫೋನಿನಲ್ಲೇ ಕೆಲವು ಸೂಚನೆ ಗುರುತಿಸಬಹುದು.

* ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
* ನಿದ್ದೆ, ಊಟ ಕೆಟ್ಟಿರುವುದು, ಕುಡಿತ ಹೆಚ್ಚಾಗಿರುವುದು
* ಫೋನ್ ತೆಗೆಯದಿರುವುದು, ಊರಿನ ಮದುವೆ-ಜಾತ್ರೆಯಿಂದ ದೂರ ಉಳಿಯುವುದು
* ‘ನಾನಿದ್ದು ಏನು ಪ್ರಯೋಜನ’, ‘ನಿಮಗೆಲ್ಲ ಭಾರ ಆದೆ’ ಎಂಬ ಮಾತು
* ಇದ್ದಕ್ಕಿದ್ದಂತೆ ಜಮೀನು, ಹಣದ ವಿಷಯವನ್ನೆಲ್ಲ ಬೇರೆಯವರಿಗೆ ಒಪ್ಪಿಸತೊಡಗುವುದು

ಇಂಥ ಮಾತು ಕೇಳಿದಾಗ ‘ಧೈರ್ಯ ತಗೋ, ಎಲ್ಲ ಸರಿಹೋಗುತ್ತೆ’ ಎಂದು ಬೇಗ ಮುಗಿಸಬೇಡಿ. ‘ಏನಾಗಿದೆ ಹೇಳಪ್ಪ, ಕೇಳ್ತೀನಿ’ ಎಂದು ಸುಮ್ಮನೆ ಕೇಳಿಸಿಕೊಳ್ಳಿ. ಸಾಲ ಎಷ್ಟಿದೆ ಎಂದು ಬೈಯುವ ದನಿಯಲ್ಲಿ ಕೇಳದೆ, ಯಾವುದು ಮೊದಲು ತೀರಿಸಬೇಕು ಎಂದು ಜತೆಗೆ ಕುಳಿತು ಪಟ್ಟಿ ಮಾಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ಬರುತ್ತದೆ ಎಂಬುದು ತಪ್ಪು ನಂಬಿಕೆ. ಕೇಳುವುದರಿಂದ ಅವರ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದಂತೆ ಊರಿನಲ್ಲಿರುವ ನಂಬಿಕಸ್ತರಿಗೆ ತಿಳಿಸಿ, ಕೀಟನಾಶಕ ಮನೆಯಿಂದ ದೂರ ಇರುವಂತೆ ನೋಡಿಕೊಳ್ಳಿ, ಅಂದೇ ವೈದ್ಯರನ್ನು ಸಂಪರ್ಕಿಸಿ.

ಸಹಾಯ ಎಲ್ಲಿ ಸಿಗುತ್ತದೆ?

* ಟೆಲಿ ಮಾನಸ್: 14416 ಅಥವಾ 1800-891-4416. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾಗಿದ್ದು, ದಿನದ 24 ಗಂಟೆಯೂ ಲಭ್ಯ. ಬೇರೆ ರಾಜ್ಯದಲ್ಲಿದ್ದರೂ ಕನ್ನಡ ಭಾಷೆ ಆಯ್ದುಕೊಳ್ಳಬಹುದು.
* ಕಿಸಾನ್ ಕಾಲ್ ಸೆಂಟರ್: 1800-180-1551. ಬೆಳೆ, ಕೃಷಿ ಯೋಜನೆಗಳ ಮಾಹಿತಿಗೆ.
* ತುರ್ತು ಸಂದರ್ಭದಲ್ಲಿ: 112
* ಜಿಲ್ಲಾಸ್ಪತ್ರೆಯ ಡಿಎಂಎಚ್‌ಪಿ ವಿಭಾಗ. ದಾರಿ ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು.

ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರವು 2030ರೊಳಗೆ ಆತ್ಮಹತ್ಯೆಯಿಂದಾಗುವ ಸಾವುಗಳನ್ನು ಶೇ.10ರಷ್ಟು ತಗ್ಗಿಸುವ ಗುರಿ ಹಾಕಿಕೊಂಡಿದೆ. ಆ ಗುರಿ ದೆಹಲಿಯ ಕಡತದಿಂದ ಹಳ್ಳಿಯ ಮನೆಯವರೆಗೆ ತಲುಪಬೇಕಾದರೆ, ನಡುವೆ ಬಾಗಿಲು ತಟ್ಟುವವರು ಒಬ್ಬರು ಬೇಕೇ ಬೇಕು. ಅಮರಾವತಿಯ 30 ಹಳ್ಳಿಗಳಲ್ಲಿ ಆ ಕೆಲಸ ಮಾಡಿದ್ದು ಅದೇ ಊರಿನ ಜನ. ಇವತ್ತು ಊರಿಗೆ ಮಾಡುವ ಒಂದು ಫೋನ್ ಕರೆಯೂ ಅಂಥದ್ದೇ ಕೆಲಸ.